ಸಸಿಯ ಬುಡದ ಮಣ್ಣನ್ನು ಮೊದಲು ನೋಡಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ, ಹಾಗೂ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ತೋಟಗಾರಿಕೆ ಅಧಿಕಾರಿಗಳಿಗೆ,

ಕುಷ್ಟಗಿ ತಾಲ್ಲೂಕಿನ ಒಬ್ಬ ದಾಳಿಂಬೆ ಬೆಳೆಗಾರ್ತಿಯ ನಮಸ್ಕಾರಗಳು.

ನಮ್ಮ ಮೂರು ಎಕರೆ ಮಸಾರಿ ಹೊಲದಲ್ಲಿ ಹದಿನೈದು ಅಡಿಗೆ ಹತ್ತು ಅಡಿಯಂತೆ ನೆಟ್ಟ 870 ದಾಳಿಂಬೆ ಗಿಡಗಳಿದ್ದವು. ಈಗ 210 ಉಳಿದಿವೆ. ನಾಲ್ಕನೆಯ ವರ್ಷದ ಹಸ್ತ ಬಹಾರಿನಲ್ಲಿ (ಹಸ್ತ ಮಳೆಯ ಹೊತ್ತಿಗೆ ಹೂ ಹಿಡಿಸುವ ಹಂಗಾಮಿನಲ್ಲಿ), ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದ್ದಾಗ, ಬೋರ್‌ವೆಲ್ ಪಕ್ಕದ ಸಾಲಿನ ಮೂರನೆಯ ಗಿಡದಲ್ಲಿ ಒಂದೇ ಒಂದು ಕೊಂಬೆಯ ಎಲೆ ಹಳದಿಗೆ ತಿರುಗಿತು. ಮಿಕ್ಕ ಗಿಡ ಹಸಿರಾಗಿಯೇ ಇತ್ತು. ನೀರು ಸಾಲದಾಗಿರಬೇಕು ಎಂದುಕೊಂಡು ಒಂದು ತಾಸು ಹೆಚ್ಚು ಡ್ರಿಪ್ ಬಿಟ್ಟೆವು. ಹದಿನೈದು ದಿನಕ್ಕೆ ಪಕ್ಕದ ಕೊಂಬೆಯೂ ಜೋತುಬಿತ್ತು, ತಿಂಗಳೊಳಗೆ ಇಡೀ ಗಿಡ ಒಣಗಿತು. ಕಾಯಿಗಳು ಉದುರಲಿಲ್ಲ. ಕಂದಿ, ಸುಕ್ಕುಗಟ್ಟಿ, ಕೊಂಬೆಗೇ ನೇತಾಡುತ್ತಿದ್ದವು. ಅದನ್ನು ಕಿತ್ತು ಹಾಕುವ ಹೊತ್ತಿಗೆ ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಗಿಡಗಳ ಎಲೆ ಹಳದಿಯಾಗಿತ್ತು.

ಪರಿಹಾರದ ಹಣ ಕೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ಗಿಡಗಳು ಸತ್ತದ್ದಕ್ಕೆ ಕಾರಣ ಗಾಳಿಯಲ್ಲಿ ಬಂದದ್ದಲ್ಲ, ಮಳೆಯಲ್ಲಿ ಬಿದ್ದದ್ದೂ ಅಲ್ಲ. ಅದು ಸಸಿಯ ಬುಡದಲ್ಲಿದ್ದ ಒಂದೆರಡು ಕಿಲೋ ಮಣ್ಣಿನಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ ಕುಳಿತು, ನಾನೇ ದುಡ್ಡು ಕೊಟ್ಟು ಇಳಿಸಿಕೊಂಡ ಟೆಂಪೊದಲ್ಲಿ ಬಂತು. ಆ ಮಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಬೇಕೆಂಬ ನಿಯಮ ಜಾರಿಯಲ್ಲಿರುವುದನ್ನು ನಮ್ಮ ಸುತ್ತಿನ ಯಾವ ರೈತನೂ ಕಂಡಿಲ್ಲ. ನನ್ನ ಬೇಡಿಕೆ ಒಂದೇ: ಬೇರು ಮತ್ತು ಬುಡದ ಮಣ್ಣು ಪರೀಕ್ಷೆಯಾಗದ ಹಣ್ಣಿನ ಸಸಿ ನಮ್ಮ ಮೂರು ಜಿಲ್ಲೆಗಳಲ್ಲಿ ಮಾರಾಟವಾಗಬಾರದು.

ಚೀಲದ ಮಣ್ಣಿನ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡಲು ನನಗೆ ಕಾರಣವಿದೆ. ಮದುವೆಗೆ ಮುಂಚೆ, ಬಿ.ಎ. ಓದುತ್ತಿದ್ದಾಗ, ಬೇಸಿಗೆ ರಜೆಯಲ್ಲಿ ನಾನೂ ನನ್ನ ತಂಗಿಯೂ ಒಂದು ನರ್ಸರಿಗೆ ಚೀಲ ತುಂಬುವ ಕೂಲಿಗೆ ಹೋಗುತ್ತಿದ್ದೆವು. ಎರಡು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ತಿಪ್ಪೆಗೊಬ್ಬರ ಕಲಸಿ ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು ತುಂಬಬೇಕು. ಮಣ್ಣು ಯಾವ ಹೊಲದಿಂದ ಬಂತು ಎಂದು ಕೇಳುವವರಿರಲಿಲ್ಲ. ಒಂದು ವರ್ಷ ಬಂದ ಟ್ರೇಲರ್ ಮಣ್ಣಿನಲ್ಲಿ ಬೆರಳುದ್ದದ ಬೇರಿನ ತುಂಡುಗಳು ಸಿಗುತ್ತಿದ್ದವು. ಒಣಗಿದ ದಾಳಿಂಬೆ ತೋಟ ಕಿತ್ತ ಹೊಲದ ಮಣ್ಣದು ಎಂದು ಟ್ರ್ಯಾಕ್ಟರಿನವನೇ ಹೇಳಿದ. ನಾವು ಬೇರಿನ ತುಂಡುಗಳನ್ನು ಆರಿಸಿ ಎಸೆದು, ಮಣ್ಣನ್ನು ಚೀಲಕ್ಕೆ ತುಂಬಿದೆವು. ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಮಣ್ಣಿಗೂ ರೋಗ ಅಂಟಿಕೊಂಡಿರುತ್ತದೆ ಎನ್ನುವ ಅರಿವು ಆ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಆ ವರ್ಷ ನನ್ನ ಕೈಯಿಂದ ಎಷ್ಟು ತೋಟಗಳಿಗೆ ಬೇನೆ ಹೋಗಿರಬಹುದು ಎಂದು ಈಗ ರಾತ್ರಿ ಎಚ್ಚರವಾದಾಗಲೆಲ್ಲ ಲೆಕ್ಕ ಹಾಕುತ್ತೇನೆ.

ದಾಳಿಂಬೆಯ ಗೂಟಿ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಯಿಗಿಡದ ಕೊಂಬೆಯ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟುತ್ತಾರೆ. ಒಂದೂವರೆ ತಿಂಗಳಿಗೆ ಪಾಚಿಯಲ್ಲಿ ಬಿಳಿ ಬೇರು ಮೂಡುತ್ತದೆ. ತಾಯಿಗಿಡ ಆರೋಗ್ಯವಾಗಿದ್ದರೆ ಆ ಬೇರು ಶುದ್ಧ, ಏಕೆಂದರೆ ಅದಿನ್ನೂ ಮಣ್ಣನ್ನೇ ಮುಟ್ಟಿರುವುದಿಲ್ಲ. ಅದು ಮೊದಲ ಬಾರಿ ಮಣ್ಣು ಮುಟ್ಟುವುದು ನರ್ಸರಿಯ ಚೀಲದಲ್ಲಿ. ಅಲ್ಲಿ ಸೋಂಕು ತಗುಲಿದರೆ ರೈತ ಗುಂಡಿ ಎಷ್ಟು ಚೆನ್ನಾಗಿ ತೋಡಿದರೂ, ಎಷ್ಟು ಬೇವಿನ ಹಿಂಡಿ ಹಾಕಿದರೂ, ರೋಗವನ್ನು ತನ್ನ ಕೈಯಿಂದಲೇ ಹೊಲದೊಳಗೆ ಇಳಿಸಿದಂತಾಗುತ್ತದೆ. ಒಮ್ಮೆ ಇಳಿದರೆ ಹೊಲದಿಂದ ಅದನ್ನು ಪೂರ್ತಿ ತೆಗೆಯುವ ಔಷಧಿ ಇಲ್ಲ.

ನಾವೂ ತಪ್ಪು ಮಾಡಿದೆವು, ಅದನ್ನು ಮುಚ್ಚಿಡುವುದಿಲ್ಲ. ಸತ್ತ ಮೊದಲ ಐದು ಗಿಡಗಳನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಕಿತ್ತು, ಬೇರುಸಮೇತ ತೋಟದ ನಡುವೆ ಎಳೆದುಕೊಂಡು ಹೋಗಿ ಬದುವಿನಲ್ಲಿ ಒಟ್ಟಿದೆವು. ಬೇರಿಗೆ ಅಂಟಿದ್ದ ಮಣ್ಣು ದಾರಿಯುದ್ದಕ್ಕೂ ಉದುರಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಸೊರಗಿದ ಗಿಡಗಳು ಹೆಚ್ಚಾಗಿ ಆ ದಾರಿಯ ಎಡಬಲದವೇ. ಒಂದೇ ಕತ್ತರಿಯಿಂದ ಸೊರಗಿದ ಗಿಡವನ್ನೂ ಒಳ್ಳೆಯ ಗಿಡವನ್ನೂ ಚಾಟ್ನಿ ಮಾಡಿದೆವು, ಅಂದರೆ ಕೊಂಬೆ ಸವರಿದೆವು. ಬಹಾರ್ ಹಿಡಿಯುವಾಗ ನೀರು ನಿಲ್ಲಿಸಿ, ಬುಡದ ಸುತ್ತ ಅಗೆದು ಬೇರು ಕಡಿದೆವು. ಕಡಿದ ಬೇರಿನ ಗಾಯ ಈ ರೋಗಕ್ಕೆ ತೆರೆದ ಬಾಗಿಲು. ಕಿತ್ತ ಗಿಡವನ್ನು ಅಲ್ಲೇ ಸುಡಬೇಕು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆದುಕೊಳ್ಳಬೇಕು, ರೋಗದ ಗಿಡದ ಆಚೀಚಿನ ಗಿಡಗಳಿಗೆ ಮೊದಲು ಮದ್ದು ಹಾಕಬೇಕು ಎಂಬ ಮಾತುಗಳು ನಮ್ಮ ಕಿವಿಗೆ ಬಿದ್ದದ್ದು ಮುನ್ನೂರು ಗಿಡ ಹೋದ ಮೇಲೆ.

ಇನ್ನು ಔಷಧಿಯ ಮಾತು. ಗಿಡ ಒಣಗಿದಾಗ ರೈತ ಓಡುವುದು ಔಷಧಿ ಅಂಗಡಿಗೆ. ಅಂಗಡಿಯವರು ಗಿಡ ನೋಡಿರುವುದಿಲ್ಲ, ಮೊಬೈಲಿನಲ್ಲಿ ಎಲೆಯ ಫೋಟೊ ನೋಡಿರುತ್ತಾರೆ. ರೋಗ ಇರುವುದು ನೆಲದ ಕೆಳಗೆ, ಫೋಟೊದಲ್ಲಿ ಕಾಣುವುದು ನೆಲದ ಮೇಲಿನದು. ಹೊರಗೆ ಒಂದೇ ಬಗೆಯಾಗಿ ಕಾಣುವ ಈ ಸೊರಗಿಗೆ ಒಳಗೆ ಬೇರೆ ಬೇರೆ ಕಾರಣಗಳಿವೆ. ಸೆರಟೋಸಿಸ್ಟಿಸ್ ಎಂಬ ಶಿಲೀಂಧ್ರ ಬೇರಿನಿಂದ ಕಾಂಡದ ನೀರಿನ ನಾಳಕ್ಕೆ ಏರಿ ದಾರಿ ಕಟ್ಟುತ್ತದೆ. ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಬಿಳಿ ಕಟ್ಟಿಗೆಯ ನಡುವೆ ಬೂದು-ಕಂದು ಕಲೆ ನಕ್ಷತ್ರದಂತೆ ಹರಡಿರುವುದು ಕಾಣುತ್ತದೆ. ಫ್ಯುಸೇರಿಯಂ ಎಂಬ ಇನ್ನೊಂದು ಶಿಲೀಂಧ್ರವೂ ಗಿಡವನ್ನು ಸೊರಗಿಸುತ್ತದೆ, ಪೇರಲ ತೋಟಗಳನ್ನು ಅದು ಹೆಚ್ಚು ಕಾಡುತ್ತದೆ. ಬೇರುಗಂಟು ಜಂತುಹುಳು ಕಣ್ಣಿಗೆ ಕಾಣದಷ್ಟು ಸಣ್ಣದು, ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟು ಕಟ್ಟಿಸುತ್ತದೆ; ಆ ಗಾಯದಲ್ಲಿ ಶಿಲೀಂಧ್ರ ಹೊಕ್ಕುತ್ತದೆ. ಶೇಂಗಾ ಬೇರಿನ ಗಂಟು ಕಂಡು ರೂಢಿಯಾದ ನಮ್ಮ ಹಿರಿಯರು ಅದನ್ನೂ ಒಳ್ಳೆಯ ಗಂಟು ಎಂದೇ ತಿಳಿಯುತ್ತಾರೆ. ನನ್ನ ಮಾವನವರು ಹಾಗೆಯೇ ತಿಳಿದಿದ್ದರು. ಶೇಂಗಾದ ಗಂಟನ್ನು ಉಗುರಿನಿಂದ ಸುಲಭವಾಗಿ ಕಳಚಬಹುದು. ಇದು ಬೇರೇ ಊದಿಕೊಂಡು ಆದ ಗಂಟು, ಕಳಚಿ ಬರುವುದಿಲ್ಲ.

ಬುಡ ಕೊಳೆಯುವ ರೋಗದ ಗುಣವೇ ಬೇರೆ. ಫೈಟಾಫ್ತೊರಾ, ಪಿಥಿಯಂ ಎಂಬ ಸೂಕ್ಷ್ಮಜೀವಿಗಳು ನೀರು ನಿಂತ ಮಣ್ಣಿನಲ್ಲಿ ಬಾಲವಿರುವ ಬೀಜಾಣುಗಳನ್ನು ಬಿಡುತ್ತವೆ, ಅವು ಅಕ್ಷರಶಃ ಈಜಿಕೊಂಡು ಬೇರು ತಲುಪುತ್ತವೆ. ತುಂಗಭದ್ರಾ ಕಾಲುವೆಯ ಬಸಿನೀರು ನಿಲ್ಲುವ ಎರೆ ಭೂಮಿಯಲ್ಲಿ ಪಪ್ಪಾಯಿ ಹಾಕಿದವರಿಗೆ ಇದರ ಪರಿಚಯ ಇದ್ದೇ ಇದೆ. ನೆಲಕ್ಕೆ ತಾಗಿದ ಕಾಂಡ ಮೆತ್ತಗಾಗಿ, ನೀರು ಒಸರಿ, ತೊಗಟೆ ಬಿಟ್ಟು, ಗಿಡ ಕಾಯಿಸಮೇತ ಮಗುಚಿ ಬೀಳುತ್ತದೆ. ಮೂಸಂಬಿ, ನಿಂಬೆಯಲ್ಲಿ ಇದೇ ರೋಗ ಬುಡದ ತೊಗಟೆಯಿಂದ ಅಂಟು ಸುರಿಸುತ್ತದೆ. ಕಸಿಯ ಗಂಟು ಮಣ್ಣಿನೊಳಗೆ ಹೂತುಹೋಗುವಂತೆ ನೆಟ್ಟರೆ, ಕಾಂಡಕ್ಕೆ ತಾಗಿಸಿ ಗೊಬ್ಬರ ಏರಿಸಿದರೆ, ಡ್ರಿಪ್ ಹನಿ ಕಾಂಡದ ಮೇಲೆಯೇ ಬಿದ್ದರೆ ರೋಗಕ್ಕೆ ಹಾಸಿಗೆ ಹಾಸಿದ ಹಾಗೆ.

ಈಗ ನೋಡಿ, ಅಂಗಡಿಯಲ್ಲಿ ಎಲ್ಲದಕ್ಕೂ ಕೊಡುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಫೈಟಾಫ್ತೊರಾದ ಮೇಲೆ ಕೆಲಸ ಮಾಡುವುದಿಲ್ಲ. ಫೈಟಾಫ್ತೊರಾಕ್ಕೆ ಹಾಕುವ ಮೆಟಲಾಕ್ಸಿಲ್ ಸೆರಟೋಸಿಸ್ಟಿಸ್‌ಗೆ ನಾಟುವುದಿಲ್ಲ. ಇವೆರಡೂ ಜಂತುಹುಳುವಿಗೆ ಔಷಧಿಯಲ್ಲ. ಏನು ರೋಗ ಎಂದು ತಿಳಿಯದೆ ನಾವು ಒಂದರ ಮೇಲೊಂದು ಸುರಿದೆವು. ಎರಡು ವರ್ಷದಲ್ಲಿ ಸುರಿದ ಔಷಧಿಯ ಬಿಲ್ಲುಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ. ಆ ಹಣದಲ್ಲಿ ನಾನು ಮೂರು ಎಕರೆಗೆ ಎರಡು ಸಲ ಹೊಸ ಸಸಿ ನೆಡಬಹುದಿತ್ತು.

ನಮ್ಮ ಮನೆಗೆ ರೋಗದ ನಿಜವಾದ ಹೆಸರು ತಿಳಿಸಿದ್ದು ಒಂದು ಗಜ್ಜರಿ (ಕ್ಯಾರೆಟ್). ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಊರಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ತೋಟ ನೋಡಿ, "ಅಕ್ಕಾ, ಮನೆಯಲ್ಲಿ ಗಜ್ಜರಿ ಇದೆಯೇ?" ಎಂದು ಕೇಳಿದಳು. ಪೂರ್ತಿ ಸತ್ತ ಗಿಡವನ್ನು ಬಿಟ್ಟು, ಈಗಷ್ಟೇ ಹಳದಿಯಾಗುತ್ತಿದ್ದ ಗಿಡದ ಬೇರನ್ನು ಅಗೆದಳು. ಬೇರಿನ ಸಿಪ್ಪೆ ಕೆರೆದು, ಕಲೆ ಕಟ್ಟಿದ ಕಟ್ಟಿಗೆಯ ಚಕ್ಕೆ ಎಬ್ಬಿಸಿ, ತೊಳೆದ ಗಜ್ಜರಿಯ ಎರಡು ಬಿಲ್ಲೆಗಳ ನಡುವೆ ಇಟ್ಟು, ಒದ್ದೆ ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ನಮ್ಮ ಅಡುಗೆಮನೆಯ ಗೂಡಿನಲ್ಲಿಟ್ಟಳು. ಪಕ್ಕದಲ್ಲೇ ಆರೋಗ್ಯವಾದ ಗಿಡದ ಬೇರಿನ ಚಕ್ಕೆಯ ಇನ್ನೊಂದು ಡಬ್ಬಿ. ಒಂಬತ್ತನೆಯ ದಿನ ತೆರೆದರೆ ಮೊದಲನೆಯ ಡಬ್ಬಿಯ ಗಜ್ಜರಿಯ ಮೇಲೆ ಬೂದು ಬೂಜು, ಅದರ ನಡುವೆ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕಿಗಳು, ಪ್ರತಿ ಚುಕ್ಕಿಗೂ ಕೂದಲಿನಂಥ ಕುತ್ತಿಗೆ, ಕುತ್ತಿಗೆಯ ತುದಿಯಲ್ಲಿ ಕೆನೆಬಣ್ಣದ ಹನಿ. ಆಕೆ ಕೊಟ್ಟ ಭೂತಗನ್ನಡಿಯಲ್ಲಿ ನಾನೂ ನೋಡಿದೆ, ನಮ್ಮ ಅತ್ತೆಯವರೂ ನೋಡಿದರು. ಅತ್ತೆ ಬಹಳ ಹೊತ್ತು ಕನ್ನಡಿ ಕೆಳಗಿಡಲಿಲ್ಲ. "ಇಷ್ಟು ಸಣ್ಣದು ಇಷ್ಟು ದೊಡ್ಡ ಗಿಡ ತಿಂದಿತೇ" ಎಂದರು. ಎರಡನೆಯ ಡಬ್ಬಿಯಲ್ಲಿ ಅಂಥದ್ದೇನೂ ಇರಲಿಲ್ಲ. ನಮ್ಮ ತೋಟಕ್ಕೆ ಬಂದದ್ದು ಸೆರಟೋಸಿಸ್ಟಿಸ್ ಎಂದು ಹಾಗೆ ತಿಳಿಯಿತು.

ಒಂದು ಗಜ್ಜರಿಯ ಬೆಲೆ ಎಷ್ಟು, ಸ್ವಾಮಿ? ಜಂತುಹುಳು ಇದೆಯೇ ಎಂದು ತಿಳಿಯಲು ಬೇಕಾಗಿರುವುದು ಒಂದು ಲಾಳಿಕೆ, ಮೆತ್ತನೆಯ ಕಾಗದ, ನೀರು, ಒಂದು ರಾತ್ರಿ, ಮತ್ತೆ ಸಾಧಾರಣ ಸೂಕ್ಷ್ಮದರ್ಶಕ. ಫೈಟಾಫ್ತೊರಾಕ್ಕೆ ಮಣ್ಣು ಕಲಸಿದ ನೀರಿನಲ್ಲಿ ನಿಂಬೆ ಎಲೆಯ ತುಂಡು ತೇಲಿಬಿಟ್ಟು ಅದು ಕಂದುವುದನ್ನು ಕಾಯಬಹುದು. ಪರೀಕ್ಷೆ ದುಬಾರಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜಿದೆ, ಗಂಗಾವತಿಯಲ್ಲಿಯೂ ಬಳ್ಳಾರಿಯ ಹಗರಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ಇದನ್ನು ಮಾಡಬಲ್ಲ ಕೈಗಳು ನಮ್ಮ ಸುತ್ತಲೇ ಇವೆ. ಈ ಕೆಲಸ ಮಾಡಬೇಕೆಂಬ ಆದೇಶವೂ ಅದಕ್ಕೆಂದೇ ನೇಮಕವಾದ ಒಬ್ಬರೂ ಬೇಕು.

ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎನ್ನಬಹುದು. 2015ರಿಂದ ಕೊಡುತ್ತಿರುವ ಆ ಚೀಟಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ: ಹನ್ನೆರಡು ಅಂಶಗಳು. ಗಿಡಕ್ಕೆ ಮಣ್ಣಿನಲ್ಲಿ ಊಟ ಎಷ್ಟಿದೆ ಎಂಬುದು ಅದರಲ್ಲಿದೆ. ಆ ಮಣ್ಣಿನಲ್ಲಿ ಗಿಡವನ್ನು ತಿನ್ನುವುದು ಏನಿದೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ನನ್ನ ಹೊಲದ ಚೀಟಿಯಲ್ಲಿ ಹೆಚ್ಚುಕಡಿಮೆ ಎಲ್ಲ ಸರಿಯಾಗಿಯೇ ಇತ್ತು. ಬೆಳೆ ವಿಮೆಯ ಕತೆಯೂ ಅಷ್ಟೇ. ದಾಳಿಂಬೆಗೆ ಇರುವುದು ಹವಾಮಾನ ಆಧಾರಿತ ವಿಮೆ. ಅದು ಮಳೆ, ಉಷ್ಣತೆ, ತೇವಾಂಶ ಅಳೆದು ಹಣ ಕೊಡುತ್ತದೆ. ಬೇರು ಕೊಳೆತದ್ದು ಯಾವ ಮಳೆಮಾಪಕಕ್ಕೂ ಕಾಣುವುದಿಲ್ಲ.

ಈ ರೋಗ ನಿನ್ನೆ ಮೊನ್ನೆಯದಲ್ಲ. ದಾಳಿಂಬೆಯ ಸೊರಗು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ಆಗ ನಮ್ಮ ನೆರೆಯದಾಗಿದ್ದ ವಿಜಯಪುರ ಜಿಲ್ಲೆಯಲ್ಲಿ. ದುಂಡಾಣು ಅಂಗಮಾರಿ ಬಂದು ನಮ್ಮ ಭಾಗದ ದಾಳಿಂಬೆ ನೆಲಕಚ್ಚಿದ್ದನ್ನೂ ನಾವು ನೋಡಿದ್ದೇವೆ. ಅಂಗಮಾರಿ ಎಲೆ, ಕಾಯಿಯ ಮೇಲೆ ಕಾಣಿಸುವುದರಿಂದ ಎಲ್ಲರೂ ಗಾಬರಿಯಾದರು, ಸಭೆಗಳು ನಡೆದವು. ನೆಲದ ಕೆಳಗಿನದು ಸದ್ದಿಲ್ಲದೆ ಗಿಡದ ಮೇಲೆ ಗಿಡ ತಿನ್ನುತ್ತದೆ. ರೈತ ಖಾಲಿ ಗುಂಡಿಯಲ್ಲಿ ಮತ್ತೆ ಸಸಿ ಇಡುತ್ತಾನೆ, ಅದೂ ಸಾಯುತ್ತದೆ. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ನಮ್ಮ ಕುಷ್ಟಗಿಯ ಮೇಲೆಯೇ ಹಾಯುತ್ತದೆ. ಮುಂಗಾರು ಹತ್ತಿರ ಬಂದಾಗ ಸಸಿ ತುಂಬಿದ ಗಾಡಿಗಳನ್ನು ನಾನು ದಿನವೂ ನೋಡುತ್ತೇನೆ. ಒಂದೊಂದು ಗಾಡಿಯೂ ಎಲ್ಲಿಯದೋ ಹೊಲದ ಟನ್‌ಗಟ್ಟಲೆ ಮಣ್ಣನ್ನು ಇಲ್ಲಿಯ ಹೊಲಕ್ಕೆ ತಂದು ಹಂಚುತ್ತಿದೆ ಎಂದು ನಾವು ಯೋಚಿಸಬೇಕು.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ನಮ್ಮ ನಾಡಿನದೇ ಉದಾಹರಣೆ ಇದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೊ ದ್ರಾವಣ ಸಿಂಪಡಿಸುವುದನ್ನು ಬೆಳೆಗಾರರಿಗೆ ಕಲಿಸಿದರು. ನೂರು ವರ್ಷ ದಾಟಿದರೂ ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ ಕದಡುವುದು ಮಲೆನಾಡಿನ ಮನೆಮನೆಯ ಕೆಲಸ. ಕುಡುಗೋಲನ್ನು ದ್ರಾವಣದಲ್ಲಿ ಅದ್ದಿ, ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅಲ್ಲಿಯ ಅಜ್ಜಂದಿರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರಿನ ಬೋರ್ಡೊ ಮುಲಾಮನ್ನು ಬುಡದಿಂದ ಎರಡು ಅಡಿ ಎತ್ತರದವರೆಗೆ ಬಳಿಯುವುದು ನಮ್ಮ ಮೂಸಂಬಿ, ದಾಳಿಂಬೆಗೂ ಒಳ್ಳೆಯದು. ಅಡಿಕೆಗೆ ಆ ಕಾಲದಲ್ಲಿ ಸಿಕ್ಕ ಗಮನ ಬಿಸಿಲು ನಾಡಿನ ಹಣ್ಣಿನ ಗಿಡಗಳಿಗೆ ಈಗಲಾದರೂ ಸಿಗಲಿ.

ನಮ್ಮ ಬಿಸಿಲೇ ನಮಗೊಂದು ಔಷಧಿ ಎಂಬುದನ್ನು ನರ್ಸರಿಯವರಿಗೆ ಯಾರಾದರೂ ಹೇಳಬೇಕು. ಚೀಲಕ್ಕೆ ತುಂಬುವ ಮಣ್ಣನ್ನು ಏಪ್ರಿಲ್–ಮೇ ತಿಂಗಳಲ್ಲಿ ಅರ್ಧ ಅಡಿ ದಪ್ಪಕ್ಕೆ ಹರಡಿ, ಚೆನ್ನಾಗಿ ನೀರು ಹೊಡೆದು, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಹಾಳೆಯ ಕೆಳಗೆ ಮೇಲ್ಪದರದ ಮಣ್ಣು 50 ಡಿಗ್ರಿಯ ಆಸುಪಾಸು ಕಾಯುತ್ತದೆ, ಬಹುಪಾಲು ಶಿಲೀಂಧ್ರವೂ ಜಂತುಹುಳುವಿನ ಮೊಟ್ಟೆಯೂ ಸಾಯುತ್ತವೆ. 1976ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇದು. ಅಂಥ ಬಿಸಿಲು ನಮ್ಮಲ್ಲಿಯೂ ಪುಕ್ಕಟೆ ಸುರಿಯುತ್ತದೆ. ಆ ಮೇಲೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ಎರಡು ವಾರ ನೆರಳಿನಲ್ಲಿ ಹದಗೊಳಿಸಿದ ಗೊಬ್ಬರವನ್ನು ಕಲಸಿ ಚೀಲ ತುಂಬಲಿ. ನಾನು ಚೀಲ ತುಂಬುತ್ತಿದ್ದ ಶೆಡ್ಡಿನ ಹಿಂದೆ ಅರ್ಧ ಎಕರೆ ಖಾಲಿ ಜಾಗ ಇಡೀ ಬೇಸಿಗೆ ಸುಮ್ಮನೆ ಕಾಯುತ್ತಿತ್ತು.

ಹಾಗಾಗಿ ತಮ್ಮಲ್ಲಿ ಕೇಳುವುದು ಇಷ್ಟು. ಸರ್ಕಾರಿ ತೋಟಗಾರಿಕೆ ಕ್ಷೇತ್ರಗಳಿಂದಲೇ ಆರಂಭಿಸಿ, ಖಾಸಗಿ ನರ್ಸರಿಗಳವರೆಗೆ, ಮಾರಾಟಕ್ಕೆ ಹೊರಡುವ ಪ್ರತಿ ಮಡಿಯ ಸಸಿಗಳಲ್ಲಿ ಕೆಲವನ್ನು ಚೀಲ ಹರಿದು, ಬೇರು ತೊಳೆದು, ಮಣ್ಣನ್ನು ಪರೀಕ್ಷಿಸಿ ಚೀಟಿ ಕೊಡುವ ವ್ಯವಸ್ಥೆ ಮಾಡಿ. ಸಹಾಯಧನದ ಕಡತಕ್ಕೆ ಪಹಣಿ, ಆಧಾರ್, ಪಾಸ್‌ಬುಕ್, ನರ್ಸರಿಯ ಬಿಲ್ಲು ಕೇಳುತ್ತೀರಿ. ಅದರ ಜೊತೆಗೆ ಈ ಚೀಟಿಯನ್ನೂ ಕೇಳಿ. ಚೀಟಿಯಿಲ್ಲದ ಸಸಿಗೆ ಸಹಾಯಧನವಿಲ್ಲ ಎಂದರೆ ಒಂದೇ ಹಂಗಾಮಿನಲ್ಲಿ ನರ್ಸರಿಗಳು ಮಣ್ಣಿನ ಕಡೆ ತಿರುಗಿ ನೋಡುತ್ತವೆ. ಒಣಗಿದ ಗಿಡದ ಬೇರನ್ನು ರೈತ ತಂದುಕೊಟ್ಟರೆ ಹತ್ತು ದಿನದಲ್ಲಿ ರೋಗದ ಹೆಸರು ಹೇಳುವ ಒಂದು ಮೇಜು ಪ್ರತಿ ಜಿಲ್ಲೆಯಲ್ಲೂ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಬೇಕಾಗುವುದು ತೀರಾ ಸಣ್ಣ ಪಾಲು. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಪ್ಪಿದ ಶುದ್ಧ ಸಸಿ ಯೋಜನೆಯಲ್ಲಿ ದೇಶಕ್ಕೆ ಒಂಬತ್ತು ಕೇಂದ್ರಗಳು ಬರಲಿವೆ, ದಾಳಿಂಬೆಯದು ಸೊಲ್ಲಾಪುರದಲ್ಲಿ. ಅದರ ಮುಖ್ಯ ಗುರಿ ವೈರಸ್ ಇಲ್ಲದ ತಾಯಿಗಿಡ. ಅಲ್ಲಿಂದ ಬರುವ ಶುದ್ಧ ಕೊಂಬೆಯನ್ನು ಇಲ್ಲಿ ಮತ್ತೆ ರೋಗದ ಮಣ್ಣಿನ ಚೀಲದಲ್ಲಿ ಇಟ್ಟರೆ ಆ ಕೋಟ್ಯಂತರ ರೂಪಾಯಿ ಅಷ್ಟೂ ನಮ್ಮ ಹೊಲದ ಮಟ್ಟಿಗೆ ವ್ಯರ್ಥ.

ಇನ್ನೊಂದು ಸಣ್ಣ ಕೋರಿಕೆ. ಕೊಪ್ಪಳದಲ್ಲಿ ನಡೆಯುವ ಮಾವು ಮೇಳದಲ್ಲಿ ಕೇಸರ್ ಹಣ್ಣಿನ ರಾಶಿಯ ಪಕ್ಕ ಒಂದು ಮೇಜನ್ನು ಬೇರಿಗೆಂದು ಇಡಿ. ಗಂಟು ಕಟ್ಟಿದ ಬೇರು, ನಕ್ಷತ್ರದ ಕಲೆಯ ಕಾಂಡ, ಕೊಳೆತ ಬುಡ, ಜೊತೆಗೆ ಒಂದು ಆರೋಗ್ಯವಾದ ಬೇರು, ಒಂದು ಭೂತಗನ್ನಡಿ. ಕೈಯಲ್ಲಿ ಹಿಡಿದು ನೋಡಿದವರು ಮುಂದೆ ಸಸಿ ಕೊಳ್ಳುವಾಗ ಎಲೆಯ ಹೊಳಪಿಗೆ ಮರುಳಾಗದೆ, ಒಂದು ಚೀಲ ಹರಿದು ತೋರಿಸು ಎಂದು ಕೇಳುತ್ತಾರೆ. ಮೇಜಿಗೆ ಬೇಕಾದ ಬೇರುಗಳನ್ನು, ಮಣ್ಣು ಎಲ್ಲಿಯೂ ಉದುರದಂತೆ ತೊಳೆದು, ಡಬ್ಬಿಯಲ್ಲಿ ಮುಚ್ಚಿ ನಾನೇ ತಂದುಕೊಡುತ್ತೇನೆ.

ಸತ್ತ ಗಿಡಗಳ ಜಾಗದಲ್ಲಿ ಈ ವರ್ಷ ಚೆಂಡು ಹೂವು ಹಾಕಿದ್ದೇವೆ. ಅದರ ಬೇರು ಜಂತುಹುಳುವನ್ನು ತಗ್ಗಿಸುತ್ತದೆ ಎಂದು ಆ ವಿದ್ಯಾರ್ಥಿನಿ ಹೇಳಿಹೋಗಿದ್ದಳು. ಮುಂದಿನ ವರ್ಷ ಒಂದು ಎಕರೆಯಲ್ಲಿ ಮತ್ತೆ ದಾಳಿಂಬೆ ಇಡುವ ಆಸೆ ಇದೆ, 290 ಸಸಿ ಬೇಕು. ಪರೀಕ್ಷೆಯ ಚೀಟಿಯೊಂದಿಗೆ ಸಸಿ ಕೊಡುವ ನರ್ಸರಿ ನಮ್ಮ ಜಿಲ್ಲೆಯಲ್ಲಿ ಯಾವುದು ಎಂದು ತಮ್ಮ ಇಲಾಖೆ ತಿಳಿಸಿದರೆ, ಅಲ್ಲಿಂದಲೇ ತರುತ್ತೇನೆ. ಅಲ್ಲಿಯವರೆಗೆ ಗುಂಡಿಗಳನ್ನು ತೆರೆದು ಬಿಸಿಲಿಗೆ ಬಿಟ್ಟಿರುತ್ತೇನೆ.

ತಮ್ಮ ವಿಶ್ವಾಸಿ,
ದಾಳಿಂಬೆ ಬೆಳೆಗಾರ್ತಿ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ